ಮುಟ್ಟದೆ ಬರೆದ ಸೊನ್ನೆ

ನಾನು ಮುಟ್ಟಿ ನೋಡಲಿಲ್ಲ. ಮುಟ್ಟಿ ನೋಡಿದ್ದೇನೆ ಎಂದು ಬರೆದೆ — ಒಬ್ಬರಿಗಲ್ಲ, ಒಂದು ಇಡೀ ಓಣಿಗೆ. ದುಬಲಗುಂಡಿಯ ಆ ಓಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರ ಹೆಸರಿನ ಮುಂದೆ ನನ್ನ ಕೈಬರಹದ ಸೊನ್ನೆಗಳಿವೆ. ಅವುಗಳಲ್ಲಿ ಯಾವುದು ನಿಜದ ಸೊನ್ನೆ, ಯಾವುದು ನನ್ನ ಹೇಡಿತನದ ಸೊನ್ನೆ ಎಂಬುದು ಇವತ್ತು ನನಗೂ ಗೊತ್ತಿಲ್ಲ, ಇನ್ನು ಗೊತ್ತಾಗುವ ದಾರಿಯೂ ಇಲ್ಲ. ಆದರೆ ಆ ಸೊನ್ನೆಗಳನ್ನು ಎದುರಿಗಿಟ್ಟುಕೊಂಡು ದೊಡ್ಡ ದೊಡ್ಡ ತಜ್ಞರು ಎರಡು ದಿನ ವಾದ ಮಾಡಿದರು. ನಾನು ಅದೇ ಕೋಣೆಯಲ್ಲಿ ಕೂತಿದ್ದೆ. ಬಾಯಿ ಬಿಡಲಿಲ್ಲ. ಬಿಟ್ಟಾಗ ಸುಳ್ಳು ಹೇಳಿದೆ.

ಹೇಡಿತನ — ಆ ಶಬ್ದವೂ ಸರಿಯಲ್ಲ. ಸರಿಯಾದ ಶಬ್ದ ಬೇರೆ ಇದೆ. ಅದನ್ನು ಬರೆಯಲು ಕೈ ಇನ್ನೂ ಹಿಂಜರಿಯುತ್ತಿದೆ, ಸ್ವಲ್ಪ ತಡೆಯಿರಿ.

ನಮ್ಮದು ಬಸವಕಲ್ಯಾಣ. ಕೋಟೆಗೆ ಹೋಗುವ ದಾರಿಯಲ್ಲಿ ಅಪ್ಪನ ಕಿರಾಣಿ ಅಂಗಡಿ. ನಾನು ಲ್ಯಾಬಿನ ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಅಂಗಡಿಯಲ್ಲಿ ಅವಲಕ್ಕಿ ತೂಗುತ್ತಿದ್ದ ಕಾಲಕ್ಕೆ ಹುಮನಾಬಾದಿನಲ್ಲಿ ಒಂದು ಸಂಶೋಧನಾ ತಂಡ ಬಂದಿಳಿಯಿತು. ಕ್ಷಯ ಬಂದವರ ಮನೆಗಳಿಗೆ ಹೋಗಿ, ಅವರ ಜೊತೆ ಇರುವವರಿಗೆ ಆ ರೋಗಾಣು ಸೋಕಿದೆಯೇ ಎಂದು ನೋಡುವುದು ಅವರ ಕೆಲಸ. ನನ್ನನ್ನು ಸೇರಿಸಿಕೊಂಡರು. ನನಗಾಗ ಇಪ್ಪತ್ತಾರು ವರ್ಷ. ಬಿಳಿ ಕೋಟು ಕೊಟ್ಟರು. ಹಳ್ಳಿಗಳಲ್ಲಿ ಜನ ಡಾಕ್ಟ್ರೇ ಎಂದರೆ ನಾನು ತಿದ್ದುತ್ತಿರಲಿಲ್ಲ.

ಪರೀಕ್ಷೆ ಬಹಳ ಹಳೆಯದು, ಬಹಳ ಸರಳವಾದದ್ದು. ಕ್ಷಯದ ರೋಗಾಣುವಿನಿಂದ ತೆಗೆದ ಸತ್ವದ ಒಂದು ಹನಿಯನ್ನು ಮುಂಗೈಯ ಒಳಭಾಗದಲ್ಲಿ, ಚರ್ಮದ ಪದರದೊಳಗೇ ಚುಚ್ಚುತ್ತಾರೆ. ಅದನ್ನು ನಮ್ಮ ಸಿಸ್ಟರ್ ಮಾಡುತ್ತಿದ್ದರು. ಎರಡು ಮೂರು ದಿನ ಬಿಟ್ಟು ನಾನು ಹೋಗಿ ನೋಡಬೇಕು. ದೇಹ ಆ ರೋಗಾಣುವನ್ನು ಮೊದಲೇ ಕಂಡಿದ್ದರೆ ಗುರುತು ಹಿಡಿಯುತ್ತದೆ, ಚುಚ್ಚಿದ ಜಾಗದಲ್ಲಿ ಗಟ್ಟಿಯಾದ ಗಂಟು ಕಟ್ಟುತ್ತದೆ. ಚರ್ಮ ಕೆಂಪಾಗುವುದು ಲೆಕ್ಕಕ್ಕಿಲ್ಲ. ಗಟ್ಟಿತನವೇ ಲೆಕ್ಕ. ಅದು ಎಷ್ಟೋ ಸಲ ಕಣ್ಣಿಗೆ ಕಾಣುವುದೇ ಇಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಬೆರಳ ತುದಿಯಿಂದ ನಿಧಾನವಾಗಿ ಸವರಿ ಅಂಚು ಹುಡುಕಬೇಕು, ಪೆನ್ನಿನಿಂದ ಗುರುತು ಹಾಕಿ ಸ್ಕೇಲು ಇಡಬೇಕು. ತರಬೇತಿಯಲ್ಲಿ ನಮಗೆ ಕಣ್ಣು ಮುಚ್ಚಿಸಿ ಇದನ್ನು ಕಲಿಸಿದ್ದರು. ಗಂಟು ಇದ್ದವರಿಗೆ, ರೋಗ ಏಳದಂತೆ, ಆರು ತಿಂಗಳು ಗುಳಿಗೆ. ಸೊನ್ನೆ ಇದ್ದವರಿಗೆ ಇಲ್ಲ.

ದುಬಲಗುಂಡಿಯ ಉಳಿದ ಓಣಿಗಳಲ್ಲಿ ನಾನು ಈ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಹೊರಸಿನ ಮೇಲೆ ಕೂತು, ಹಿರಿಯರ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಊರ ಸುದ್ದಿ ಕೇಳುತ್ತ ಸವರಿ ನೋಡಿದೆ. ಆಮೇಲೆ ಊರ ಕೊನೆಯ ಆ ಓಣಿಗೆ ಹೋದೆ. ಕೂಲಿ ಮಾಡುವ, ಬೌದ್ಧ ಧರ್ಮ ಸೇರಿದ ದಲಿತರ ಓಣಿ. ಮೊದಲ ಮನೆಯಲ್ಲೇ ನನ್ನ ಬೆರಳು ಮುಂದೆ ಹೋಗಲಿಲ್ಲ.

ಈಗ ಆ ಶಬ್ದ ಬರೆಯುತ್ತೇನೆ. ಹೇಸಿಗೆ. ಅವರ ಬಗ್ಗೆ ನನಗಿದ್ದದ್ದು ಹೇಸಿಗೆ. ಇದೆ ಎಂದು ನನಗೇ ಗೊತ್ತಿರಲಿಲ್ಲ, ಅದಕ್ಕೇ ಇನ್ನೂ ಅಸಹ್ಯ. ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗ, ಬಾಯಲ್ಲಿ ಬೆಳಗಾದರೆ ವಚನ. ಮೇಲು ಕೀಳು ಇಲ್ಲ ಎಂದು ಅಪ್ಪ ಸಭೆಗಳಲ್ಲಿ ಮೈಕು ಹಿಡಿದು ಹೇಳುತ್ತಿದ್ದರು. ಅಂಗಡಿಯಲ್ಲಿ ಮಾತ್ರ ಕೆಲವರಿಗೆ ಬೆಲ್ಲದ ಪೊಟ್ಟಣವನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಡುತ್ತಿದ್ದರು. ನಾನು ಅದನ್ನು ನೋಡುತ್ತ ಬೆಳೆದವನು. ಓದಿದ್ದೇನೆ, ನನಗೆ ಅದೆಲ್ಲ ಅಂಟಿಲ್ಲ ಎಂದುಕೊಂಡಿದ್ದೆ. ಅಂಟಿತ್ತು. ಬಿಸಿಲು ಜೋರಾಗಿದೆ, ಹುಮನಾಬಾದಿನ ಬಸ್ಸು ತಪ್ಪುತ್ತದೆ, ಕೂಲಿಗೆ ಹೋಗುವವರನ್ನು ತಡೆಯಬಾರದು ಎಂದೆಲ್ಲ ಆಗ ಮನಸ್ಸಿಗೆ ಹೇಳಿಕೊಂಡೆ. ಆ ದಿನ ಬಿಸಿಲು ಎಲ್ಲ ಓಣಿಗಳಲ್ಲೂ ಒಂದೇ ಇತ್ತು.

ಮೂರನೆಯದೋ ನಾಲ್ಕನೆಯದೋ ಮನೆ ಶೇವಂತಾಬಾಯಿ ಅವರದು. ಗಂಡ ಅಂಬಾದಾಸನಿಗೆ ಕ್ಷಯ, ಚಿಕಿತ್ಸೆ ನಡೆದಿತ್ತು. ಒಂದೇ ಕೋಣೆ, ನೀಲಿ ಬಳಿದ ಗೋಡೆ, ಬುದ್ಧನ ಪಟ. ತಿಂಗಳುಗಟ್ಟಲೆ ಅವನ ಕೆಮ್ಮಿನ ಪಕ್ಕದಲ್ಲೇ ಮಲಗಿದವರು ಅವರು. ಕಸೆ ಬಿಗಿದ ಕುಪ್ಪಸದ ತೋಳು ಮೇಲಕ್ಕೆ ಸರಿಸಿ, ಸೆರಗಿನಿಂದ ಮುಂಗೈ ಒರೆಸಿಕೊಂಡು, ನನ್ನ ಮುಂದೆ ಚಾಚಿದರು.

“ಸಾಹೇಬ್ರ, ಸಾಬೂನ ಹಚ್ಚಿ ಸ್ವಚ್ಛ ತೊಳದೀನ್ರಿ.”

ಅಂದರೆ ಅವರಿಗೆ ಗೊತ್ತಿತ್ತು. ನನ್ನಂಥವರು ಮುಟ್ಟುವ ಮುಂಚೆ ಏನು ಯೋಚಿಸುತ್ತಾರೆ ಎಂದು ಮೊದಲೇ ಎಣಿಸಿ, ತೊಳೆದು ತಯಾರಾಗಿ ನಿಂತಿದ್ದರು. ನಾನು ಏನು ಮಾಡಿದೆ ಗೊತ್ತೇ? ಗದರಿಸಿದೆ. “ಆ ಜಾಗಾ ತಿಕ್ಕಬ್ಯಾಡ ಅಂತ ಹೇಳಿದ್ದಿಲ್ಲೇನು?” ಎಂದೆ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಅವರಿಗೆ ಒಂದು ‘ರಿ’ ಕೂಡ ನನ್ನ ಬಾಯಿಂದ ಬರಲಿಲ್ಲ. ತಿಕ್ಕಿಲ್ಲ, ಬರೀ ತೊಳೆದೆ ಎಂದು ಅವರು ಮೆಲ್ಲಗೆ ಹೇಳಿದರು. ಆ ಗದರಿಕೆಯ ನೆಪದಲ್ಲಿ ಅರ್ಧ ಹೆಜ್ಜೆ ಹಿಂದೆ ಸರಿದು, ಸ್ಕೇಲನ್ನು ಗಾಳಿಯಲ್ಲಿ ಹಿಡಿದು, ಸೊನ್ನೆ ಬರೆದೆ. ಫಲಿತಾಂಶದ ಚೀಟಿಯನ್ನು ಹೊರಸಿನ ಮೇಲೆ ಇಟ್ಟೆ. ಕೈಗೆ ಕೊಡಲಿಲ್ಲ.

ಅವರು ಚೀಟಿ ನೋಡುತ್ತ ಏನು ಬಂದಿದೆ ಎಂದು ಕೇಳಿದರು. ಒಳಗೊಳಗೇ ಮುಜುಗರವಾಗಿತ್ತಲ್ಲ, ಅದಕ್ಕೆ ಏನಾದರೂ ಒಳ್ಳೆಯದು ಹೇಳಿ ಪಾರಾಗಬೇಕಿತ್ತು.

“ನಿನಗೇನೂ ಇಲ್ಲ. ನಿನ್ನ ರಕ್ತ ಗಟ್ಟಿ ಅದ. ಗುಳಿಗಿ ಬ್ಯಾಡ.”

ಅವರ ಮುಖ ಅರಳಿತು. ಬಾಗಿಲಲ್ಲಿ ಆಡುತ್ತಿದ್ದ ಮಗಳು ಸವಿತಾಳನ್ನು ಕರೆದು, ನೋಡು ಡಾಕ್ಟರು ಏನು ಹೇಳಿದರು ಎಂದು ತೋರಿಸಿದರು. ಅವಳು ಸಣ್ಣವಳು, ಎಂಟೊಂಬತ್ತು ವರ್ಷ ಇರಬಹುದು. ಅವಳ ಹೆಸರಿನ ಮುಂದೆಯೂ ಸೊನ್ನೆ ಬರೆದು ಮುಂದಿನ ಮನೆಗೆ ನಡೆದೆ. ಹೀಗೆ ಓಣಿ ಮುಗಿಯುವವರೆಗೂ.

ನಾಲ್ಕು ವರ್ಷಕ್ಕೆ ಶೇವಂತಾಬಾಯಿ ಅವರಿಗೆ ಬೆನ್ನು ನೋವು ಶುರುವಾಯಿತು. ಮೊದಲು ಬಾಗಿ ಕಳೆ ತೆಗೆಯಲಾಗಲಿಲ್ಲ, ಆಮೇಲೆ ನೆಟ್ಟಗೆ ನಿಲ್ಲಲಾಗಲಿಲ್ಲ. ಬೆನ್ನುಮೂಳೆಗೆ ಕ್ಷಯ ಇಳಿದಿತ್ತು. ತಡವಾಗಿ ಗೊತ್ತಾಯಿತು, ಏಕೆಂದರೆ ಕೇಳಿದವರಿಗೆಲ್ಲ ಅವರು ನನ್ನ ಚೀಟಿ ತೋರಿಸುತ್ತಿದ್ದರು — ದೊಡ್ಡ ಡಾಕ್ಟರು ನೋಡಿದ್ದಾರೆ, ನನಗೆ ಆ ರೋಗ ಬರುವುದಿಲ್ಲ. ಚಿಕಿತ್ಸೆ ಆಯಿತು, ಜೀವ ಉಳಿಯಿತು, ಬೆನ್ನು ಬಾಗಿದ್ದು ಬಾಗಿದ ಹಾಗೇ ಉಳಿಯಿತು. ಈ ಸುದ್ದಿ ನನ್ನ ಮೇಜಿಗೆ ಒಂದು ಕಾಗದವಾಗಿ ಬಂದಾಗ ಓದಿ, ಫೈಲಿಗೆ ಸೇರಿಸಿದೆ. ಅವರನ್ನು ನೋಡಲು ಹೋಗಲಿಲ್ಲ. ಅಷ್ಟರಲ್ಲಿ ನನಗೆ ಬಡ್ತಿ ಸಿಕ್ಕಿತ್ತು. ಹಳ್ಳಿ ತಿರುಗುವುದು ತಪ್ಪಿತ್ತು.

ಈಗ ಆ ಎರಡು ದಿನದ ಮಾತಿಗೆ ಬರುತ್ತೇನೆ. ಹೋದ ವರ್ಷ ಹುಮನಾಬಾದಿನ ಹೆದ್ದಾರಿ ಬದಿಯ ಒಂದು ಫಂಕ್ಷನ್ ಹಾಲಿನಲ್ಲಿ ತಜ್ಞರೆಲ್ಲ ಸೇರಿದರು. ವಿಷಯ ಇಷ್ಟೇ: ವರ್ಷಗಟ್ಟಲೆ ಕ್ಷಯ ರೋಗಿಯ ಜೊತೆಗೇ ಉಸಿರಾಡಿದರೂ ಕೆಲವರ ಕೈಯಲ್ಲಿ ಗಂಟು ಏಳುವುದಿಲ್ಲವಲ್ಲ, ಯಾಕೆ? ಇದು ಸುಳ್ಳು ಪ್ರಶ್ನೆಯಲ್ಲ. ಅಂಥವರು ಎಲ್ಲ ದೇಶಗಳಲ್ಲೂ ನಿಜವಾಗಿ ಇದ್ದಾರಂತೆ. ಅವರ ಗುಟ್ಟು ತಿಳಿದರೆ ಒಳ್ಳೆಯ ಲಸಿಕೆಗೇ ದಾರಿಯಾಗಬಹುದಂತೆ. ಹಾಗೆಂದೇ ಅಷ್ಟು ದೂರದಿಂದ ಬಂದಿದ್ದರು. ನಮ್ಮ ಹಳೆಯ ಪಟ್ಟಿ ಪರದೆಯ ಮೇಲೆ ಬಂತು. ದುಬಲಗುಂಡಿಯ ಉಳಿದ ಓಣಿಗಳಲ್ಲಿ ಗಂಟುಗಳು ಇರಬೇಕಾದಷ್ಟು ಇದ್ದವು. ಆ ಒಂದು ಓಣಿಯಲ್ಲಿ ಸಾಲಾಗಿ ಸೊನ್ನೆ.

ದಪ್ಪ ಕನ್ನಡಕದ ವಿಜ್ಞಾನಿಯೊಬ್ಬರು ಶುರು ಮಾಡಿದರು. ಇವರ ಶ್ವಾಸಕೋಶದ ಕಾವಲು ಕೋಶಗಳು ರೋಗಾಣುವನ್ನು ಬಾಗಿಲಲ್ಲೇ ಮುಗಿಸಿಬಿಡುತ್ತವೆ, ದೇಹಕ್ಕೆ ಅದರ ನೆನಪು ಉಳಿಯುವ ಪ್ರಮೇಯವೇ ಬರುವುದಿಲ್ಲ ಎಂದರು. ಗಡ್ಡದವರೊಬ್ಬರು ಒಪ್ಪಲಿಲ್ಲ. ರೋಗಾಣು ಒಳಗೆ ಬಂದು ಕೂತೇ ಇದೆ, ದೇಹ ಬೇರೆ ದಾರಿಯಲ್ಲಿ ಉತ್ತರ ಕೊಡುತ್ತಿದೆ, ನಮ್ಮ ಪರೀಕ್ಷೆಗೆ ಅದು ಕಾಣುತ್ತಿಲ್ಲ ಎಂದರು. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಈ ಗಂಟು ಏಳುವುದು ಕಡಿಮೆಯಾಗಬಹುದು, ಬಡವರ ಓಣಿ ತಾನೆ ಎಂದೂ ಮಾತು ಬಂತು. ಕೊನೆಗೆ ಕನ್ನಡಕದವರು ಹೇಳಿದರು: ಒಂದೇ ಊರು, ಒಂದೇ ನೀರು, ಒಂದೇ ಗಾಳಿ, ಬೇರೆ ಇರುವುದು ಜನಾಂಗ. ಇವರ ವಂಶದ ರಕ್ತದಲ್ಲೇ ಏನೋ ಇರಬೇಕು.

ಮೈ ಪರಚಿಕೊಳ್ಳುವ ಹಾಗಾಯಿತು. ನಾನು ಮುಟ್ಟದೆ ಬಿಟ್ಟ ಕೈಗಳವು — ಈಗ ಅವರ ರಕ್ತವೇ ಬೇರೆ ಎಂದು ವಿಜ್ಞಾನದ ಬಾಯಿಂದಲೇ ಹೊರಡುತ್ತಿತ್ತು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಹೊಗಳಿಕೆಯಂತೆ ಹೇಳಿದರು. ಬೇರೆ ಎಂದು ಮಾಡಿದವನು ನಾನು. ಅವರು ಅದಕ್ಕೆ ಕಾರಣ ಹುಡುಕುತ್ತಿದ್ದರು, ಅಷ್ಟೇ. ಎರಡನೆಯ ದಿನ ಇನ್ನೊಂದು ವಾದ ಎದ್ದಿತು. ಆ ಸೊನ್ನೆಯವರಲ್ಲಿ ಒಬ್ಬ ಹೆಣ್ಣುಮಗಳಿಗೆ ಮುಂದೆ ಬೆನ್ನುಮೂಳೆಯ ಕ್ಷಯ ಬಂದಿದೆ. ಹಾಗಾದರೆ ಈ ರಕ್ಷಣೆ ವರ್ಷ ಕಳೆದಂತೆ ಸವೆಯುತ್ತದೆಯೇ? ಸವೆಯುತ್ತದೆ ಎಂದವರು ಕೆಲವರು, ಅವಳಿಗೆ ಸೋಂಕು ಆಮೇಲೆ ತಗುಲಿರಬೇಕು ಎಂದವರು ಕೆಲವರು. ಊಟದ ಹೊತ್ತು ಮೀರಿದರೂ ಬಿಡಲಿಲ್ಲ. ಶೇವಂತಾಬಾಯಿ ಅವರಿಗೆ ಅಲ್ಲಿ ಹೆಸರಿರಲಿಲ್ಲ. ‘ಆ ಒಂದು ಪ್ರಕರಣ’ ಎನ್ನುತ್ತಿದ್ದರು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಇಷ್ಟೊಂದು ಓದಿದವರಲ್ಲಿ ಒಬ್ಬರಿಗಾದರೂ, ಈ ಸೊನ್ನೆ ಹೇಗೆ ಬಂತು ಎಂದು ಕೇಳಲು ತೋಚುವುದಿಲ್ಲವೇ ಎಂದು ಸಿಟ್ಟು ಬರುತ್ತಿತ್ತು. ಕೇಳದಿರಲಿ ಎಂದು ಬೇಡಿಕೊಳ್ಳುತ್ತಲೂ ಇದ್ದೆ.

ಕೇಳಿದರು. ಹುಬ್ಬಳ್ಳಿ ಕಡೆಯ ಹಿರಿಯ ಮೇಡಂ ಒಬ್ಬರು ಅಲ್ಲಿಯವರೆಗೂ ಸುಮ್ಮನೆ ಕೂತಿದ್ದರು. ಪರದೆ ನೋಡುವುದು ಬಿಟ್ಟು ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು.

“ಇವನ್ನೆಲ್ಲಾ ನೋಡಿ ಬರದಾವರು ನೀವೇ ಅಲ್ಲೇನ್ರೀ? ಎಲ್ಲಾ ಕೈಲೆ ಮುಟ್ಟೇ ನೋಡೀರೇನು?”

ಕೋಣೆಯಲ್ಲಿ ಎಲ್ಲರೂ ನನ್ನನ್ನು ನೋಡಿದರು. ಆ ಒಂದು ಕ್ಷಣ — ಅದೇ ನನ್ನ ಎರಡನೆಯ ಅವಕಾಶವಾಗಿತ್ತು. ಹದಿಮೂರು ವರ್ಷದ ನೌಕರಿ, ನನ್ನ ಹೆಸರಿನ ಹಿಂದೆ ಸೇರಿಕೊಂಡಿದ್ದ ಹುದ್ದೆ, ಬಸವಕಲ್ಯಾಣದ ಹೊಸ ಮನೆ —

“ಹೌದ್ರಿ ಮೇಡಂ. ಎಲ್ಲಾ ಮುಟ್ಟೇ ನೋಡೀನ್ರಿ.”

ಅವರು ತಲೆಯಾಡಿಸಿದರು. ವಾದ ಮುಂದುವರಿಯಿತು. ಜೀವಕೋಶಗಳ ಬಗ್ಗೆ ಎರಡು ದಿನ ಮಾತಾಡಿದವರಿಗೆ ನನ್ನ ಬೆರಳಿನ ವಿಚಾರ ಮುಗಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಕೊನೆಗೆ, ಆ ಓಣಿಯವರ ರಕ್ತ ತೆಗೆದು ಹೊಸದಾಗಿ ಪರೀಕ್ಷಿಸುವುದು ಎಂದು ತೀರ್ಮಾನವಾಯಿತು. ಈ ಭಾಗದವನು, ಜನ ನಂಬುತ್ತಾರೆ ಎಂದು ಅವರನ್ನು ಒಪ್ಪಿಸುವ ಕೆಲಸ ನನಗೇ ಬಂತು.

ಜನ ನಿಜವಾಗಿ ನಂಬಿದರು. ದುಬಲಗುಂಡಿಯ ಶಾಲೆಯಲ್ಲಿ ಬೆಳಿಗ್ಗೆ ಮೇಜು ಹಾಕಿ ಕೂತಾಗ ಓಣಿಗೆ ಓಣಿಯೇ ಸಾಲು ನಿಂತಿತು. ಕೋಲು ಊರಿಕೊಂಡು ಶೇವಂತಾಬಾಯಿ ಬಂದರು. ನೆಲ ನೋಡುತ್ತ ನಡೆಯುವ ಹಾಗಾಗಿದೆ ಅವರ ಬೆನ್ನು. ಆದರೂ ನನ್ನ ಗುರುತು ಹಿಡಿದರು. ಅಂಬಾದಾಸ ಹೋಗಿ ಆರು ವರ್ಷವಾಯಿತು ಎಂದರು. ತಮ್ಮ ಬೆನ್ನಿನದು ಎಲುಬಿನ ರೋಗ, ಗಂಡನಿಗಿದ್ದ ಕೆಮ್ಮಿನ ರೋಗವಲ್ಲ ಎಂದೇ ಅವರು ಇವತ್ತಿಗೂ ತಿಳಿದಿದ್ದರು. ಚೀಟಿಯ ಮಾತು ಸುಳ್ಳಾಗಲು ಸಾಧ್ಯವೇ ಇಲ್ಲವಲ್ಲ! ಆಮೇಲೆ ಅದೇ ಧೈರ್ಯದಲ್ಲಿ ಮಗಳ ಸುದ್ದಿ ಹೇಳಿದರು.

“ಸವಿತಾಗ ಹಳ್ಳಿಖೇಡಕ ಕೊಟ್ಟೀವ್ರಿ. ಆಕಿ ಗಂಡ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೀತಾನ. ಅಂವಗ ಈಗ ಅದೇ ಕೆಮ್ಮಿನ ರೋಗ ಹತ್ತ್ಯಾದ. ಆಸ್ಪತ್ರಿಯವರು ಆಕಿಗೂ ಗುಳಿಗಿ ತಗೋ ಅಂದ್ರಂತ. ನಾ ಬ್ಯಾಡ ಅಂದೀನ್ರಿ. ನನ್ನ ರಕ್ತನೇ ಅಲ್ರಿ ಆಕಿದು?”

ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಅವಳಿಗೆ ಎಂಟು ತಿಂಗಳ ಕೂಸು ಇದೆ ಎಂದೂ ಹೇಳಿದರು. ನಾನು ಎದ್ದು ಅವರನ್ನು ಶಾಲೆಯ ಹಿಂದಿನ ಕಟ್ಟೆಗೆ ಕರೆದುಕೊಂಡು ಹೋದೆ. ಹೇಗೆ ಹೇಳಬೇಕೆಂದು ಗೊತ್ತಿರಲಿಲ್ಲ, ಇದ್ದದ್ದನ್ನು ಹೇಳಿದೆ. “ಅವತ್ತ ನಾ ನಿಮ್ಮ ಕೈ ಮುಟ್ಟೇ ಇಲ್ರಿ. ಮುಟ್ಟದೇ ಸೊನ್ನಿ ಬರದೀನಿ. ಸವಿತಾಂದೂ ಹಂಗೇ. ನಿಮ್ಮ ಬೆನ್ನಿಗಿ ಬಂದದ್ದೂ ಅದೇ ರೋಗರಿ.”

ಯಾಕೆ ಎಂದು ಅವರು ಒಂದೇ ಸಲ ಕೇಳಿದರು. ಇಲ್ಲಿ ಬರೆದಿರುವ ಆ ಶಬ್ದವನ್ನು ಅವರ ಮುಖ ನೋಡಿ ಹೇಳಲಾಗಲಿಲ್ಲ. ಅವರು ಎರಡನೆಯ ಸಲ ಕೇಳಲೂ ಇಲ್ಲ. ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಕೋಲು ತೆಗೆದುಕೊಂಡು ಎದ್ದು ನಿಂತರು.

“ನನಗ ಹೇಳಿ ಏನ್ ಮಾಡ್ತೀರಿ? ನನ್ನದು ಆಗಿ ಹೋಯ್ತು. ಹಳ್ಳಿಖೇಡಕ ಹೋಗ್ರಿ, ಆಕಿಗಿ ಹೇಳ್ರಿ. ನಾ ಹೇಳಿದ್ರ ಕೇಳಾಂಗಿಲ್ಲ. ಸಣ್ಣಾಕಿ ಇದ್ದಾಗಿಂದ ನಿಮ್ಮ ಮಾತೇ ನಂಬ್ಯಾಳ ಆಕಿ.”

ಅದೇ ಸಂಜೆ ತಂಡದ ಮುಖ್ಯಸ್ಥರಿಗೂ ಹೇಳಿದೆ, ಬರೆದೂ ಕೊಟ್ಟೆ. ನನ್ನನ್ನು ಕೆಲಸದಿಂದ ತೆಗೆದರು, ಅದು ಆಗಲೇಬೇಕಿತ್ತು. ನನಗೆ ತಾಳಲಾಗದೆ ಹೋದದ್ದು ಬೇರೆ. ಮುಖ್ಯಸ್ಥರು ಕಂಪ್ಯೂಟರಿನಲ್ಲಿ ಆ ಓಣಿಯ ಸಾಲುಗಳನ್ನೆಲ್ಲ ಒಟ್ಟಿಗೆ ಹಿಡಿದು ಅಳಿಸಿದರು, ರಕ್ತ ಪರೀಕ್ಷೆಯನ್ನೂ ಕೈಬಿಟ್ಟರು. ಇನ್ನು ಉಳಿದ ಊರುಗಳ ಪಟ್ಟಿಯ ಮೇಲೆ ಚರ್ಚೆ ಮುಂದುವರಿಸಬಹುದು, ದೊಡ್ಡ ತೊಂದರೆ ಏನಿಲ್ಲ ಎಂದರು. ವಿಜ್ಞಾನಕ್ಕೆ ಅದೇ ಸರಿ, ಹೊಲಸು ಅಳತೆಯನ್ನು ತೆಗೆದುಹಾಕಲೇಬೇಕು. ಆದರೆ ಆ ಸಾಲುಗಳು ದುಬಲಗುಂಡಿಯಲ್ಲಿ ಹಾಗೇ ಇವೆಯಲ್ಲ — ಗುಳಿಗೆ ಸಿಗದೆ, ನಮಗೇನೂ ಇಲ್ಲ ಎಂದು ನಂಬಿಕೊಂಡು? ಹುಬ್ಬಳ್ಳಿಯ ಮೇಡಂ ಮಾತ್ರ ಫೋನು ಮಾಡಿದರು. ಬೈಯಲಿಲ್ಲ. ಆ ಓಣಿಯ ಜನರಿಗೆ ಯಾರು ಹೇಳುತ್ತಾರೆ ಎಂದಷ್ಟೇ ಕೇಳಿದರು. ನಾನೇ ಹೇಳುತ್ತೇನೆ ಎಂದೆ. ಈಗ ಮನೆ ಮನೆಗೆ ಹೋಗಿ ಹೇಳುತ್ತಿದ್ದೇನೆ. ಕೆಲವರು ಕೂರಿಸಿ ಕೇಳುತ್ತಾರೆ, ಒಬ್ಬ ಚಪ್ಪಲಿ ತೆಗೆದ. ಅವನ ಅಣ್ಣ ಎರಡು ವರ್ಷದ ಹಿಂದೆ ಕೆಮ್ಮಿ ಕೆಮ್ಮಿ ಸತ್ತಿದ್ದ.

ಆದರೆ ಮೊದಲು ಹೋದದ್ದು ಹಳ್ಳಿಖೇಡಕ್ಕೆ. ಸವಿತಾ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ಒಳಗಿನಿಂದ ಗಂಡ ಕೆಮ್ಮುವುದು ಕೇಳುತ್ತಿತ್ತು. ನಾನು ರೋಗಾಣು ಎಂದೆ, ಗಂಟು ಎಂದೆ, ಸೋಂಕು ಒಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಕೂರಬಹುದು ಎಂದೆ, ಕೂಸಿಗೆ ಅಪಾಯ ಹೆಚ್ಚು ಎಂದೆ. ಅಷ್ಟನ್ನೂ ತಾಳ್ಮೆಯಿಂದ ಕೇಳಿ ಅವಳು ಒಂದೇ ಮಾತು ಕೇಳಿದಳು.

“ಆಗ ಏನೂ ಇಲ್ಲ ಅಂದ್ರಿ. ಈಗ ಇರಬೇಕು ಅಂತೀರಿ. ಎರಡೂ ನೀವೇ ಹೇಳಾಕತ್ತೀರಿ. ಯಾವ್ದು ಖರೇ ಅಂತ ನಾ ಹ್ಯಾಂಗ ತಿಳ್ಕೋಬೇಕ್ರಿ?”

ತಜ್ಞರಿಗೆ ಉತ್ತರ ಸಿಗದ ಪ್ರಶ್ನೆಗಳು ನೂರು ಇರಬಹುದು, ಅವರಿಗೆ ಮುಂದಿನ ಸಭೆ ಇದೆ. ಇವಳ ಕೂಸಿಗೆ ಅಷ್ಟು ಸಮಯವಿಲ್ಲ. ಆಸ್ಪತ್ರೆಗೆ ಬಾ, ಬೇರೆ ಡಾಕ್ಟರಿಗೆ ತೋರಿಸು, ನನ್ನನ್ನು ನಂಬಬೇಡ ಎಂದೆ. ಯಾರನ್ನೂ ನಂಬುವುದಿಲ್ಲ ಎಂದಳು. ನೀವೂ ಆ ಆಸ್ಪತ್ರೆಯವರ ಹಾಗೇ ಬಿಳಿ ಕೋಟು ಹಾಕಿಕೊಂಡೇ ಬಂದಿದ್ದಿರಿ ಎಂದಳು.

ಅಲ್ಲಿಗೆ ಐದು ಸಲ ಹೋಗಿ ಬಂದಿದ್ದೇನೆ. ಮೂರನೆಯ ಸಲ ಶೇವಂತಾಬಾಯಿ ಅವರೇ ಬಸ್ಸು ಹತ್ತಿ ನನ್ನ ಜೊತೆ ಬಂದು, ತಮ್ಮ ಬೆನ್ನು ತೋರಿಸಿ ಮಗಳಿಗೆ ಹೇಳಿದರು. ಆಮೇಲೆ ಅಜ್ಜಿಯೇ ಕೂಸನ್ನು ಆಸ್ಪತ್ರೆಗೆ ಒಯ್ದರು. ಕೂಸಿಗೆ ರೋಗವಿಲ್ಲ, ಬರದಂತೆ ಔಷಧಿ ಶುರುವಾಗಿದೆ. ತನ್ನ ಪರೀಕ್ಷೆಗೆ, ಗುಳಿಗೆಗೆ ಸವಿತಾ ಮಾತ್ರ ಇನ್ನೂ ಒಪ್ಪಿಲ್ಲ. ಹೋದ ವಾರ ಅವಳು ಎರಡು ಸಲ ಕೆಮ್ಮಿದಳು. ಧೂಳಿಗಿರಬಹುದು, ಕಬ್ಬಿನ ಸುಗ್ಗಿ ನಡೆದಿದೆ, ಊರ ತುಂಬ ಟ್ರ್ಯಾಕ್ಟರಿನ ಧೂಳು. ಇರಬಹುದು ಎಂದುಕೊಳ್ಳುವ ಹಕ್ಕು ನನಗಿಲ್ಲ. ತಾಯಿ ನನ್ನ ಮಾತು ನಂಬಿ ಕೆಟ್ಟರು. ಮಗಳು ನಂಬದೆ ಕೆಟ್ಟರೆ ಅದಕ್ಕೂ ನಾನೇ ಹೊಣೆ. ನಾಡಿದ್ದು ಶುಕ್ರವಾರ ಮತ್ತೆ ಹಳ್ಳಿಖೇಡಕ್ಕೆ ಹೋಗುತ್ತೇನೆ. ಬಾಗಿಲು ತೆರೆಯುವುದಿಲ್ಲ ಎಂದು ಅವಳು ಮೊದಲೇ ಹೇಳಿ ಕಳಿಸಿದ್ದಾಳೆ.